ಆರು ತಿಂಗಳ ಕೋ-ಆಪ್‌ಗೆ ಲೆಮಿನ್‌ಸ್ಟರ್‌ನ ಸಣ್ಣ ಪ್ಲಾಸ್ಟಿಕ್ ಕಾರ್ಖಾನೆ ಕರೀತಿದೆ, ಹೋಗ್ಲಾ?

ಹಾಸನದ ಹುಡುಗ:

ಎಲ್ಲರಿಗೂ ನಮಸ್ಕಾರ. ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಎಂಎಸ್ ಓದ್ತಿದೀನಿ. ಡಿಸೆಂಬರ್‌ಗೆ ಎರಡು ಸೆಮಿಸ್ಟರ್ ಮುಗಿಯುತ್ತೆ. ಜನವರಿಯಿಂದ ಜೂನ್‌ವರೆಗಿನ ಕೋ-ಆಪ್‌ಗೆ, ಅಂದ್ರೆ ಓದಿನ ನಡುವೆ ಕಂಪನಿಯಲ್ಲಿ ಸಂಬಳಕ್ಕೆ ಮಾಡೋ ಕೆಲಸಕ್ಕೆ, ಅಂತ ನೂರಾ ನಲವತ್ತು ಕಡೆ ಅರ್ಜಿ ಹಾಕಿದೆ. ಇಂಟರ್‌ವ್ಯೂಗೆ ಕರೆದದ್ದು ಮೂರು ಕಡೆ, ಆಫರ್ ಬಂದಿದ್ದು ಒಂದು. ಲೆಮಿನ್‌ಸ್ಟರ್ ಅನ್ನೋ ಊರಲ್ಲಿ ಪ್ಲಾಸ್ಟಿಕ್ ಇಂಜೆಕ್ಷನ್ ಮೋಲ್ಡಿಂಗ್ (ಕರಗಿಸಿದ ಪ್ಲಾಸ್ಟಿಕ್‌ನ ಅಚ್ಚಿಗೆ ಒತ್ತಿ ತುಂಡು ತೆಗೆಯೋದು) ಮಾಡೋ ಸಣ್ಣ ಕಾರ್ಖಾನೆ, ಕ್ವಾಲಿಟಿ ವಿಭಾಗ, ಗಂಟೆಗೆ 23 ಡಾಲರ್.

ರೂಮಿನಲ್ಲಿರೋ ಮೂರು ಜನಾನೂ ಬೇಡ ಅಂತಾರೆ. ಜುಲೈ ಸುತ್ತಿಗೆ ಕಾದ್ರೆ ರೋಬೋಟ್, ಎಲೆಕ್ಟ್ರಿಕ್ ಕಾರ್ ಮಾಡೋ ದೊಡ್ಡ ಕಂಪನಿಗಳು ಬರ್ತವೆ, ಕ್ವಾಲಿಟಿಗೆ ಹೋದ್ರೆ ಜೀವನಪೂರ್ತಿ ಅಳೆಯೋ ವರ್ನಿಯರ್ ಹಿಡ್ಕೊಂಡೇ ಇರ್ಬೇಕಾಗುತ್ತೆ ಅಂತ. ನನಗೆ ಡಿಸೈನ್ ಆಸೆ. ಆದ್ರೆ ನಮ್ಮ ತೋಟದ ಪತ್ರ ಬ್ಯಾಂಕಲ್ಲಿದೆ, ಸಾಲದ ಬಡ್ಡಿ ತಿಂಗಳು ತಿಂಗಳು ಏರ್ತಿದೆ. ಕಾಯೋ ಧೈರ್ಯ ಬರ್ತಿಲ್ಲ.

ಇನ್ನೊಂದು ವಿಷಯ. ಅಪ್ಪ ನಮ್ಮೂರ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಕೋ-ಆಪ್ ಅಂದ ತಕ್ಷಣ ಅವರಿಗೆ ಹೊಳೆಯೋದು ಸೊಸೈಟಿ. ಬಿಡಿಸಿ ಹೇಳಿದ ಮೇಲೆ, "ಹಾಗಾದ್ರೆ ಓದು ಮಧ್ಯಕ್ಕೆ ಬಿಟ್ಟು ಕೆಲಸಕ್ಕೆ ಸೇರ್ತಿದೀಯಾ?" ಅಂತ ದಿಗಿಲು ಬಿದ್ದಿದಾರೆ. ಅವರಿಗೆ ಏನಂತ ಹೇಳ್ಲಿ? ಆರು ತಿಂಗಳು ಇದಕ್ಕೇ ಹೋದ್ರೆ ಓದು ಮುಗಿದ ಮೇಲೆ ಇಲ್ಲಿ ಕೆಲಸ ಮಾಡೋಕೆ ಸಿಗೋ ಅನುಮತಿ, ಅದೇ ಓಪಿಟಿ, ಕಮ್ಮಿ ಆಗುತ್ತಾ? ಕೋ-ಆಪ್ ಮಾಡಿದೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಶುಕ್ರವಾರದೊಳಗೆ ಉತ್ತರ ಕೊಡ್ಬೇಕು.

ತುಮಕೂರಿನಾಕೆ:

ಲೆಮಿನ್‌ಸ್ಟರ್ ಅನ್ನೋ ಹೆಸರು ನೋಡಿ ಸುಮ್ನಿರಕ್ಕಾಗ್ಲಿಲ್ಲ. ನಾನೂ ನಿಮ್ಮ ಯೂನಿವರ್ಸಿಟಿಯವಳೇ. ತುಮಕೂರಲ್ಲಿ ಬಿಇ ಮುಗಿಸಿ ಬಂದು, ಅದೇ ಊರಿನ ಒಂದು ಮೋಲ್ಡಿಂಗ್ ಕಾರ್ಖಾನೆಯಲ್ಲಿ ಜನವರಿಯಿಂದ ಜೂನ್‌ವರೆಗೆ ಕೋ-ಆಪ್ ಮಾಡಿದೆ. ನಿಮ್ಮ ಕಂಪನಿ ಯಾವುದು ಅಂತ ಕೇಳಲ್ಲ, ನಂದರ ಹೆಸರೂ ಹೇಳಲ್ಲ. ಆ ಊರಿನ ಕಸುಬೇ ಅದು. ಮೊದಲು ದನದ ಕೊಂಬಿನಿಂದ ಬಾಚಣಿಗೆ ಮಾಡ್ತಿದ್ರಂತೆ, ಆಮೇಲೆ ಸೆಲ್ಯುಲಾಯ್ಡ್ ಬಂತು, ಆಮೇಲೆ ಪ್ಲಾಸ್ಟಿಕ್. ಇಲ್ಲಿನ ಮನೆಗಳ ಅಂಗಳದಲ್ಲಿ ನೆಟ್ಟಿರ್ತಾರಲ್ಲ ಗುಲಾಬಿ ಬಣ್ಣದ ಫ್ಲೆಮಿಂಗೋ ಗೊಂಬೆ, ಅದು 1957ರಲ್ಲಿ ಹುಟ್ಟಿದ್ದು ಅಲ್ಲೇ.

ಮೊದಲು ನಿಮ್ಮ ಅಪ್ಪನ ವಿಷಯ, ನನಗೆ ಅದೇ ದೊಡ್ಡದು ಅನ್ಸುತ್ತೆ. ಓದು ಬಿಡ್ತಿಲ್ಲ, ಇದೂ ಓದಿನ ಒಂದು ಭಾಗ ಅಂತ ಹೇಳಿ. ಇದನ್ನ ಶುರು ಮಾಡಿದ್ದು ಸಿನ್ಸಿನಾಟಿ ಯೂನಿವರ್ಸಿಟಿಯ ಹರ್ಮನ್ ಶ್ನೈಡರ್ ಅನ್ನೋ ಮೇಷ್ಟ್ರು, 1906ರಲ್ಲಿ, 27 ಹುಡುಗರನ್ನ ಇಟ್ಕೊಂಡು. ಒಂದು ವಾರ ಕ್ಲಾಸು, ಮರು ವಾರ ಕಾರ್ಖಾನೆ. ಇಬ್ಬಿಬ್ಬರ ಜೋಡಿ. ಒಬ್ಬ ಲೇತ್ ಮುಂದೆ ನಿಂತಿದ್ರೆ ಇನ್ನೊಬ್ಬ ಬೆಂಚಿನ ಮೇಲೆ, ಆಮೇಲೆ ಅದಲು ಬದಲು. ಹಾಗಾಗಿ ಕಾರ್ಖಾನೆಯ ಜಾಗ ಖಾಲಿ ಬೀಳ್ತಾನೇ ಇರ್ಲಿಲ್ಲ. ನಮ್ಮ ನಾರ್ತ್‌ಈಸ್ಟರ್ನ್‌ನಲ್ಲಿ 1909ಕ್ಕೆ ಶುರುವಾಯ್ತು. ಸಹಕಾರ ಅಂದ್ರೆ ಇಲ್ಲಿ ಕಾಲೇಜು, ಕಾರ್ಖಾನೆ ಎರಡೂ ಸೇರಿ ಒಬ್ಬ ಇಂಜಿನಿಯರ್‌ನ ತಯಾರು ಮಾಡೋದು. ಸೊಸೈಟಿ ನಡೆಸೋರಿಗೆ ಈ ಮಾತು ಬೇಗ ಹಿಡಿಸುತ್ತೆ ಅನ್ಸುತ್ತೆ.

ಓಪಿಟಿಗೆ ಏನೂ ಆಗಲ್ಲ. ಪೂರ್ಣಾವಧಿ ಸಿಪಿಟಿ, ಅಂದ್ರೆ ಕೋ-ಆಪ್‌ನಂಥ ಓದಿನ ನಡುವಿನ ಕೆಲಸಕ್ಕೆ ಸಿಗೋ ಅನುಮತಿ, 12 ತಿಂಗಳು ಮುಟ್ಟಿದ್ರೆ ಮಾತ್ರ ಅದೇ ಹಂತದ ಪದವಿಯ ಓಪಿಟಿ ಕೈತಪ್ಪುತ್ತೆ. ನಿಮ್ಮದು ಆರು. ಆದ್ರೆ ಎರಡನೇ ಕೋ-ಆಪ್ ಮಾಡೋ ಆಸೆ ಇದ್ರೆ ದಿನ ಎಣಿಸಿ, ವಾರ ಎಣಿಸಿ. ಐ-20ಯಲ್ಲಿ, ಅಂದ್ರೆ ಯೂನಿವರ್ಸಿಟಿ ಕೊಡೋ ವೀಸಾ ಪತ್ರದಲ್ಲಿ, ಬರೆದ ತಾರೀಕಿಗಿಂತ ಒಂದು ದಿನ ಮುಂಚೆಯೂ ಕಾರ್ಖಾನೆಯಲ್ಲಿ ಕೆಲಸಕ್ಕೆ ಕೂರಬೇಡಿ. ನನ್ನ ತಾರೀಕು ಸೋಮವಾರ ಇತ್ತು. ಹಿಂದಿನ ಶುಕ್ರವಾರವೇ ಸೇಫ್ಟಿ ಟ್ರೈನಿಂಗ್ ಇದೆ, ಬಂದು ಮುಗಿಸ್ಕೊಂಡು ಹೋಗು ಅಂತ ಎಚ್‌ಆರ್ ಕರೆದ್ರು. ಬರಲ್ಲ ಅಂದೆ. ಮೊದಲನೇ ವಾರವೇ ಇಲ್ಲ ಅನ್ನೋದು ಹೇಗಪ್ಪಾ ಅಂತ ಆ ರಾತ್ರಿ ನಿದ್ದೆ ಬರ್ಲಿಲ್ಲ. ಅವರು ಬೇಜಾರು ಮಾಡ್ಕೊಳ್ಳದೆ ಸೋಮವಾರಕ್ಕೆ ಹಾಕಿದ್ರು.

ಸಂಬಳದ ಚೀಟಿಯನ್ನೂ ಮೊದಲ ವಾರವೇ ಓದಿ. ನಂದು ಗಂಟೆಗೆ 24, ವಾರಕ್ಕೆ 960. ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಅನ್ನೋ ಇಲ್ಲಿನ ಪಿಂಚಣಿ, ಆರೋಗ್ಯ ತೆರಿಗೆ ಅಂತ 7.65 ಪರ್ಸೆಂಟ್, ಅಂದ್ರೆ 73 ಡಾಲರ್ 44 ಸೆಂಟ್, ಹಿಡಿದಿದ್ರು. ಎಫ್-1 ವೀಸಾದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಅದು ಅನ್ವಯಿಸಲ್ಲ. ಲೆಕ್ಕ ಮಾಡೋರಿಗೆ ಗೊತ್ತಿರ್ಲಿಲ್ಲ ಅಷ್ಟೆ. ಬರೆದು ಕೇಳಿದ ಮೇಲೆ ವಾಪಸ್ ಹಾಕಿದ್ರು. 26 ವಾರಕ್ಕೆ ಎಷ್ಟಾಗುತ್ತೆ ನೋಡಿ. ನಿಮ್ಮ ಬಡ್ಡಿಗೆ ಆಗುತ್ತೆ.

ಇನ್ನು ವರ್ನಿಯರ್ ಹಿಡ್ಕೊಂಡಿರೋ ಮಾತು. ಇದಕ್ಕೆ ನನ್ನದೇ ಕತೆ ಹೇಳ್ಬೇಕು, ಸ್ವಲ್ಪ ಉದ್ದ ಆಗುತ್ತೆ.

ನಾನು ಸೇರಿದಾಗ ಅಲ್ಲಿ ಒಂದು ನೈಲಾನ್ ಬುಷ್ ಎಲ್ಲರ ತಲೆ ತಿಂತಿತ್ತು. ಆಸ್ಪತ್ರೆ ಮಂಚದ ಕೈಹಿಡಿಯೊಳಗೆ ಕೂರೋ ತುಂಡು. ಡ್ರಾಯಿಂಗ್ ಪ್ರಕಾರ ಉದ್ದ 40 ಮಿಲಿಮೀಟರ್, ಅದಕ್ಕಿಂತ ಹೆಚ್ಚಾಗ್ಲಿ ಕಮ್ಮಿಯಾಗ್ಲಿ ವ್ಯತ್ಯಾಸ 0.10ರೊಳಗೆ ಇರ್ಬೇಕು, ಇದಕ್ಕೇ ಟಾಲರೆನ್ಸ್ ಅನ್ನೋದು. ಹಗಲು ಪಾಳಿಯವರು ಉದ್ದ ಜಾಸ್ತಿ ಅಂತ ಕ್ರೇಟುಗಟ್ಟಲೆ ರಿಜೆಕ್ಟ್ ಮಾಡ್ತಿದ್ರು. ರಾತ್ರಿ ಪಾಳಿಯವರಿಗೆ ಅದೇ ತುಂಡು ಸರಿಯಾಗಿ ಬರ್ತಿತ್ತು, ಕೆಲವು ದಿನ ಗಿಡ್ಡ ಬರ್ತಿತ್ತು. ಒಂದೇ ಪ್ರೆಸ್ (ತುಂಡು ಒತ್ತೋ ಯಂತ್ರ), ಒಂದೇ ಮೋಲ್ಡ್ (ಅಚ್ಚು), ಅಳೆಯೋಕೆ ಒಂದೇ ಮೈಕ್ರೋಮೀಟರ್. ನನ್ನ ಮೊದಲ ಕೆಲಸ ಇದನ್ನ ಬಿಡಿಸೋದು.

ಓದಿದ್ದೆನಲ್ಲ, ಗೇಜ್ ಆರ್ ಅಂಡ್ ಆರ್ ಮಾಡಿದೆ, ಅಂದ್ರೆ ಅಳತೆಯನ್ನೇ ನಂಬಬಹುದಾ ಅಂತ ನೋಡೋ ಪರೀಕ್ಷೆ. ಹತ್ತು ತುಂಡು, ಮೂರು ಜನ, ಒಬ್ಬೊಬ್ಬರೂ ಮೂರು ಮೂರು ಸಲ, ಒಟ್ಟು 90 ಅಳತೆ. ಅಳೆಯೋದರಲ್ಲೇ ಹುಟ್ಟೋ ಏರುಪೇರು ಹತ್ತು ಪರ್ಸೆಂಟಿಗಿಂತ ಕಮ್ಮಿ ಇದ್ರೆ ಒಳ್ಳೇದು, ಮೂವತ್ತು ದಾಟಿದ್ರೆ ಆ ಅಳತೆಯನ್ನ ನಂಬಬಾರದು ಅನ್ನೋದು ರೂಢಿ. ನನಗೆ ಎಂಟು ಬಂತು. ಖುಷಿಯಲ್ಲಿ ಸ್ಲೈಡ್ ಮಾಡಿ, ಗುರುವಾರದ ಮೀಟಿಂಗಲ್ಲಿ ಎದ್ದು ನಿಂತು, ಅಳತೆ ಸರಿಯಿದೆ, ತಪ್ಪು ಮೋಲ್ಡಲ್ಲಿದೆ ಅಂತ ಹೇಳಿದೆ. ನಂಬಿದ್ರು. ಮೋಲ್ಡ್ ಇಳಿಸಿ ಬಿಚ್ಚಿದ್ರು. ಒಂದೂವರೆ ದಿನ ಪ್ರೆಸ್ ನಿಂತಿತ್ತು. ಏನೂ ಸಿಗ್ಲಿಲ್ಲ. ಮತ್ತೆ ಏರಿಸಿದ ದಿನವೇ ಅದೇ ರಗಳೆ. ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ರೆ ವಾಸಿ ಇತ್ತು ಅನ್ನೋ ಹಾಗಾಯ್ತು ನನಗೆ.

ಆವಾಗ ನನ್ನ ಸೂಪರ್‌ವೈಸರ್, "ರಾತ್ರಿ ಪಾಳೀಲಿ ಒಂದು ವಾರ ಇದ್ದು ನೋಡು" ಅಂದ್ರು. ಅಲ್ಲಿ ತುಂಡು ತಪಾಸಣೆ ಮಾಡ್ತಿದ್ದೋರು ಪೋರ್ಟೊ ರಿಕೊ ಕಡೆಯ ಒಬ್ಬ ಹೆಂಗಸು, ನಮ್ಮ ದೊಡ್ಡಮ್ಮನ ವಯಸ್ಸು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಅದೇ ಮೇಜು. ಅವರ ಇಂಗ್ಲಿಷೂ ಅಷ್ಟಕ್ಕಷ್ಟೆ, ನಂದೂ ಆವಾಗ ಹಾಗೇ ಇತ್ತು. ಮೊದಲ ರಾತ್ರಿ ಪಕ್ಕದಲ್ಲಿ ಸುಮ್ನೆ ಕೂತೆ. ಪ್ರೆಸ್ಸಿಂದ ಐದು ತುಂಡು ತಂದ್ರು, ಅಲ್ಯುಮಿನಿಯಂ ತಟ್ಟೆ ಮೇಲೆ ಹರಡಿದ್ರು, ಬಿಟ್ಟು ಹೋದ್ರು. ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸಿ, ಕಾಫಿ ಕುಡಿದು ಬಂದು ಆಮೇಲೆ ಅಳೆದ್ರು. ಯಾಕೆ ಕಾಯ್ತೀರಿ ಅಂತ ಕೇಳಿದೆ. ತುಂಡು ಕೈಗೆ ಕೊಟ್ಟು, "ಬಿಸಿ ಇದ್ದಾಗ ಇದು ಸುಳ್ಳು ಹೇಳುತ್ತೆ" ಅಂದ್ರು.

ಹಗಲು ಪಾಳಿಯಲ್ಲಿ ಗಂಟೆ ಗಂಟೆಗೂ ರಿಪೋರ್ಟ್ ಕೇಳ್ತಾರೆ, ಹಾಗಾಗಿ ಪ್ರೆಸ್ಸಿಂದ ಬಿದ್ದ ತುಂಡನ್ನ ಆಗಲೇ ಅಳೆದು ಬರೀತಿದ್ರು. ನಾನು ರೂಮಿಗೆ ಹೋಗಿ ಲೆಕ್ಕ ಹಾಕಿದೆ. ನೈಲಾನ್ 66 ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 80 ಪಾಲು ಹಿಗ್ಗುತ್ತೆ. ತುಂಡು ಕೋಣೆಯ ಶಾಖಕ್ಕಿಂತ 50 ಡಿಗ್ರಿ ಬಿಸಿ ಅಂತಿಟ್ಕೊಳ್ಳಿ. 40 ಮಿಲಿಮೀಟರಿಗೆ 0.16 ಆಯ್ತು. ನಮ್ಮ ಟಾಲರೆನ್ಸೇ 0.10! ನಾನು ಆರ್ ಅಂಡ್ ಆರ್ ಮಾಡಿದ್ದು ರಟ್ಟಿನ ಪೆಟ್ಟಿಗೆಯಲ್ಲಿ ಮೂರು ದಿನ ತಣ್ಣಗೆ ಮಲಗಿದ್ದ ತುಂಡುಗಳ ಮೇಲೆ. ತೊಂಬತ್ತು ಅಳತೆಯೂ ಸರಿಯಾಗೇ ಇದ್ವು, ನಾನು ಹುಡುಕ್ತಿದ್ದ ತಪ್ಪು ಮಾತ್ರ ಅದರೊಳಗೆ ಇರ್ಲಿಲ್ಲ.

ಅಷ್ಟೇ ಅಲ್ಲ. ಹಗಲಿನೋರು ಉದ್ದ ಜಾಸ್ತಿ ಅಂತ ಹೋಲ್ಡ್ ಪ್ರೆಶರ್, ಅಂದ್ರೆ ಅಚ್ಚು ತುಂಬಿದ ಮೇಲೂ ಪ್ಲಾಸ್ಟಿಕ್‌ನ ಒತ್ತಿ ಹಿಡಿಯೋ ಒತ್ತಡ, ಇಳಿಸ್ತಿದ್ರು. ಪ್ರೆಶರ್ ಇಳಿದ್ರೆ ತುಂಡು ಹೆಚ್ಚು ಕುಗ್ಗುತ್ತೆ, ತಣ್ಣಗಾದಾಗ ಗಿಡ್ಡ. ರಾತ್ರಿಯೋರು ಗಿಡ್ಡ ಬಂತಲ್ಲ ಅಂತ ಏರಿಸ್ತಿದ್ರು. ಬೆಳಿಗ್ಗೆ ಮತ್ತೆ ಇಳಿಕೆ. ತಿಂಗಳುಗಟ್ಟಲೆ ಹೀಗೇ. ಎರಡೂ ಪಾಳಿಯವರು ಪ್ರಾಮಾಣಿಕವಾಗೇ ಕೆಲಸ ಮಾಡ್ತಿದ್ರು. ಒಬ್ಬರ ಮುಖ ಒಬ್ಬರು ನೋಡ್ತಿದ್ದದ್ದು ಪಾಳಿ ಬದಲಾಗೋ ಹತ್ತು ನಿಮಿಷ.

ಮರುದಿನ ಪ್ರೆಸ್ಸಿಂದ ಬಿದ್ದ ಒಂದು ತುಂಡನ್ನ ಐದೈದು ನಿಮಿಷಕ್ಕೆ ಅಳೀತಾ ಒಂದು ಗಂಟೆ ಕೂತೆ. 40.14ರಿಂದ ಶುರುವಾಗಿ 39.98ಕ್ಕೆ ಬಂದು ನಿಂತಿತು. ಅರ್ಧ ಗಂಟೆ ಆದ ಮೇಲೆ ಗೆರೆ ಹೆಚ್ಚು ಕಮ್ಮಿ ಚಪ್ಪಟೆ. ಸ್ಲೈಡ್ ಮಾಡಲಿಲ್ಲ. ಗ್ರಾಫ್ ಹಾಳೇಲಿ ಪೆನ್ಸಿಲ್‌ನಲ್ಲಿ ಬರೆದು ಮೀಟಿಂಗಿಗೆ ತಗೊಂಡು ಹೋಗಿ, ಹೋದ ಸಲ ನಾನು ಹೇಳಿದ್ದು ತಪ್ಪು ಅಂತ ಮೊದಲು ಹೇಳಿ, ಆಮೇಲೆ ಹಾಳೆ ತೋರಿಸಿದೆ. ಇದನ್ನ ಕಂಡುಹಿಡಿದದ್ದು ಯಾರು ಅನ್ನೋದನ್ನೂ ಹೇಳಿದೆ. ತಪಾಸಣೆ ಚೀಟಿಗೆ "30 ನಿಮಿಷ ತಣಿದ ಮೇಲೆ ಅಳೆಯಿರಿ" ಅಂತ ಒಂದು ಸಾಲು ಸೇರ್ತು, ಇಂಗ್ಲಿಷಲ್ಲೂ ಸ್ಪ್ಯಾನಿಷಲ್ಲೂ. ಇಪ್ಪತ್ತು ವರ್ಷ ಆ ಹೆಂಗಸಿನ ಕೈಯಲ್ಲಿದ್ದ ವಿದ್ಯೆ ಅದು, ಯಾರೂ ಕೇಳಿರ್ಲಿಲ್ಲ. ಈಗಲೂ ಇದನ್ನ ನೆನೆಸ್ಕೊಂಡ್ರೆ ಗಂಟಲು ಕಟ್ಟುತ್ತೆ.

ಕೋ-ಆಪ್ ಮುಗಿದ ಮೇಲೆ ಹೋದ ಎಲ್ಲಾ ಇಂಟರ್‌ವ್ಯೂಗಳಲ್ಲೂ ನಾನು ಹೇಳಿದ್ದು ಇದನ್ನೇ, ನನ್ನ ತಪ್ಪನ್ನೂ ಸೇರಿಸಿ. ಡಿಸೈನ್ ಹುದ್ದೆಗೂ ಕರೆದಿದ್ರು. ಟಾಲರೆನ್ಸ್ ಬರೆಯೋನಿಗೆ ಅದನ್ನ ಯಾರು, ಯಾವಾಗ, ಎಷ್ಟು ಬಿಸಿ ಇದ್ದಾಗ ಅಳೀತಾರೆ ಅಂತ ಗೊತ್ತಿದ್ರೆ ಆ ಡ್ರಾಯಿಂಗೇ ಬೇರೆ ಥರ ಬರುತ್ತೆ. ನಾನು ಕ್ವಾಲಿಟಿಯಲ್ಲೇ ಉಳಿದದ್ದು ನನಗೆ ಇಷ್ಟ ಆಗಿ.

ಸಹಿ ಹಾಕೋ ಮುಂಚೆ ಒಂದು ಕೇಳಿ: ನನ್ನನ್ನ ಶಾಪ್ ಫ್ಲೋರ್‌ಗೆ ಬಿಡ್ತೀರಾ, ಇಲ್ಲ ಆಫೀಸಲ್ಲಿ ಎಕ್ಸೆಲ್ ತುಂಬಿಸ್ಬೇಕಾ? ಬಿಡ್ತೀವಿ ಅಂದ್ರೆ ಹೋಗಿ. ನನ್ನ ಬ್ಯಾಚಿನವನೊಬ್ಬ ದೊಡ್ಡ ಹೆಸರಿನ ಕಡೆ ಹೋಗಿ ಆರು ತಿಂಗಳು ಹಳೇ ಡ್ರಾಯಿಂಗ್‌ಗಳ ನಂಬರ್ ಬದಲಾಯಿಸ್ತಾ ಕೂತಿದ್ದ.

ಒಂಟಾರಿಯೋ ಕನ್ನಡಿಗ:

ಮೇಲಿನವರ ಅನುಭವ ಚೆನ್ನಾಗಿದೆ, ಆದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾನು ಕೆನಡಾದ ವಾಟರ್‌ಲೂ ಯೂನಿವರ್ಸಿಟಿಯಲ್ಲಿ ಓದಿದವನು. ಅಲ್ಲಿ 1957ರಲ್ಲಿ ಯೂನಿವರ್ಸಿಟಿ ಹುಟ್ಟಿದಾಗಿಂದಲೂ ಕೋ-ಆಪ್ ಇದೆ. ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ಕೆಲಸ, ಪದವಿ ಮುಗಿಯುವಷ್ಟರಲ್ಲಿ ಐದಾರು ಕೆಲಸ ಆಗಿರುತ್ತೆ. ಮೊದಲನೆಯದು ಎಲ್ಲಿ ಸಿಕ್ಕಿದರೂ ನಡೆಯುತ್ತೆ, ಯಾಕೆಂದರೆ ಮುಂದೆ ಇನ್ನೂ ನಾಲ್ಕು ಇವೆ. ನನ್ನ ಮೊದಲ ನಾಲ್ಕು ತಿಂಗಳು ಪೂರ್ತಿ ಪೈಪ್ ವೆಲ್ಡಿಂಗ್ ದಾಖಲೆಗಳಲ್ಲೇ ಹೋಯಿತು, ನಷ್ಟ ಆಗಲಿಲ್ಲ. ನಿಮ್ಮದು ಎಂಎಸ್, ಸಿಗುವುದು ಒಂದು, ಹೆಚ್ಚೆಂದರೆ ಎರಡು. ಡಿಸೈನ್ ಖಂಡಿತ ಬೇಕು ಎಂದಿದ್ದರೆ ಸಾಲದ ಹೆದರಿಕೆಯಿಂದ ತೀರ್ಮಾನ ತೆಗೆದುಕೊಳ್ಳಬೇಡಿ. ಆ ಕಂಪನಿಯಲ್ಲಿ ಫಿಕ್ಸ್‌ಚರ್ (ಕೆಲಸ ಮಾಡುವಾಗ ತುಂಡನ್ನು ಅಲುಗದಂತೆ ಹಿಡಿಯುವ ಸಾಧನ) ಡಿಸೈನ್ ಕೊಡುತ್ತಾರಾ ಎಂದು ಕೇಳಿ, ಅದನ್ನು ಆಫರ್ ಪತ್ರದ ಕೆಲಸದ ವಿವರಣೆಯಲ್ಲಿ ಬರೆಸಿಕೊಳ್ಳಿ. ಸಣ್ಣ ಕಂಪನಿಯಾದ್ದರಿಂದ ಕೇಳಿದರೆ ಒಪ್ಪುತ್ತಾರೆ.

ತುಮಕೂರಿನಾಕೆ:

ಬರೆಸ್ಕೊಳ್ಳೋ ಮಾತು ನಿಜ, ನನಗೆ ಹೊಳೆದಿರ್ಲಿಲ್ಲ. ನಾನೂ ಏಪ್ರಿಲ್‌ನಲ್ಲಿ ಒಂದು ಫಿಕ್ಸ್‌ಚರ್ ಮಾಡಿದೆ, ಅದು ಕೇಳ್ಕೊಂಡು ಮಾಡಿದ್ದು. ಆದ್ರೆ ಕಾಯೋದರ ಬಗ್ಗೆ ಒಪ್ಪಲ್ಲ. ಕೈಯಲ್ಲಿ ಮೊದಲ ಕೋ-ಆಪ್ ಇಲ್ಲದೆ ಜುಲೈ ಸುತ್ತಿಗೆ ನಿಂತ್ರೆ ಮತ್ತೆ ನೂರಾ ನಲವತ್ತು ಅರ್ಜಿ ಹಾಕ್ಬೇಕು.

ಜಾಲಹಳ್ಳಿ ತಾತ:

ಮಗು, ನಾನು 1984ರಲ್ಲಿ ಬೆಂಗಳೂರಿನ ಒಂದು ಮೆಷಿನ್ ಟೂಲ್ ಕಾರ್ಖಾನೆಗೆ ಪದವೀಧರ ಅಪ್ರೆಂಟಿಸ್ ಆಗಿ ಸೇರಿದವನು. ನಮ್ಮಲ್ಲಿ ಇದಕ್ಕೆ 1961ರ ಅಪ್ರೆಂಟಿಸ್ ಕಾಯಿದೆ ಇತ್ತು. ಇಂಜಿನಿಯರಿಂಗ್ ಓದಿದವರನ್ನು ಅದರೊಳಗೆ ತಂದದ್ದು 1973ರ ತಿದ್ದುಪಡಿ. ಒಂದು ವರ್ಷದ ತರಬೇತಿ, ಸ್ಟೈಪೆಂಡ್ ಕೈಖರ್ಚಿಗೆ ಸಾಕಾಗುತ್ತಿತ್ತು. ವ್ಯತ್ಯಾಸ ಏನೆಂದರೆ ನಾವು ಓದು ಮುಗಿಸಿ ಹೋಗುತ್ತಿದ್ದೆವು. ಅಲ್ಲಿ ಕಲಿತದ್ದನ್ನು ತಂದು ಮೇಷ್ಟ್ರನ್ನು ಪ್ರಶ್ನೆ ಕೇಳಲು ಕ್ಲಾಸೇ ಉಳಿದಿರುತ್ತಿರಲಿಲ್ಲ. ನಿನಗೆ ಇನ್ನೂ ಸೆಮಿಸ್ಟರ್ ಇದೆ. ಜೂನ್ ಆದ ಮೇಲೆ ಪಾಲಿಮರ್ ಅಥವಾ ಮೆಟ್ರಾಲಜಿ (ಅಳತೆಯ ಶಾಸ್ತ್ರ) ಕೋರ್ಸ್ ಇದ್ದರೆ ತೆಗೆದುಕೋ. ಈ ಮಗಳು ಹೇಳಿದ ಬುಷ್ಷಿನ ವಿಷಯಕ್ಕೆ ಒಂದು ಸೇರಿಸುತ್ತೇನೆ. ನೈಲಾನ್ ತಣಿದಾಗ ಕುಗ್ಗುವುದಷ್ಟೇ ಅಲ್ಲ, ಆಮೇಲೆ ಗಾಳಿಯ ತೇವ ಹೀರಿ ಮತ್ತೆ ಹಿಗ್ಗುತ್ತದೆ. ಗ್ರಾಹಕರ ಕಡೆ ವಾರಗಳ ನಂತರ ಅಳೆದರೆ ಮೂರನೆಯ ಸಂಖ್ಯೆ ಬಂದಿರಬೇಕು.

ತುಮಕೂರಿನಾಕೆ:

ಬಂತು ಸರ್! ಮೇ ತಿಂಗಳಲ್ಲಿ ಅದೇ ದೂರು ಬಂತು. ಅರ್ಧದಷ್ಟು ತೇವ ಇರೋ ಗಾಳಿಯಲ್ಲಿ ನೈಲಾನ್ 66 ಕೊನೆಗೆ ತೂಕದ ಎರಡೂವರೆ ಪರ್ಸೆಂಟ್ ನೀರು ಕುಡಿಯುತ್ತೆ. ನನ್ನ ಕೊನೆಯ ತಿಂಗಳು ಪೂರ್ತಿ ಅದರಲ್ಲೇ ಹೋಯ್ತು. ನೀವು ಆವಾಗ ಸಿಕ್ಕಿದ್ರೆ ಎಷ್ಟು ಚೆನ್ನಾಗಿತ್ತು.

ಧಾರವಾಡದಾಂವ:

ಕಾರ್ ಇಲ್ಲಂತ ಚಿಂತಿ ಮಾಡಬ್ಯಾಡ್ರಿ. ಬಾಸ್ಟನ್ನಿನ ನಾರ್ತ್ ಸ್ಟೇಷನ್ನಿಂದ ಫಿಚ್‌ಬರ್ಗ್ ಲೈನ್ ಟ್ರೇನ್ ಹತ್ತಿದ್ರ ನಾರ್ತ್ ಲೆಮಿನ್‌ಸ್ಟರ್‌ನಾಗ ಇಳೀಬಹುದು. ಆದ್ರ ಬಾಸ್ಟನ್ನಿಂದ ದಿನಾ ಓಡಾಡಬ್ಯಾಡ್ರಿ, ಹಾದಿ ಉದ್ದ ಆಗ್ತದ, ಚಳಿಗಾಲದಾಗ ಸಾಕಾಗಿ ಹೋಗ್ತದ. ಅಲ್ಲೇ ಒಂದು ರೂಮ್ ನೋಡ್ರಿ. ಊರೊಳಗ ಮಾರ್ಟ್ ಅನ್ನೋ ಹೆಸರಿನ ಬಸ್ ಅದಾವ, ಪಾಳಿ ಟೈಮಿಗೆ ಸಿಗ್ತಾವೋ ಇಲ್ಲೋ ಮೊದ್ಲ ನೋಡ್ಕೊಂಡು ರೂಮ್ ಹಿಡೀರಿ. ಮತ್ತ ಊರಿನ ಹೆಸರು ಇಂಗ್ಲಿಷಿನಾಗ Leominster ಅಂತ ಬರದಂಗ ಓದಬ್ಯಾಡ್ರಿ, ಅಲ್ಲಿ ಮಂದಿ ಲೆಮಿನ್‌ಸ್ಟರ್ ಅಂತನ ಅಂತಾರ.

ಹಾಸನದ ಹುಡುಗ:

ಎಲ್ಲರಿಗೂ ಎಷ್ಟು ಹೇಳಿದ್ರೂ ಸಾಲ್ದು. ಅಕ್ಕ, ನನ್ನನ್ನ ನೀನು ಅಂತಲೇ ಕರೀರಿ.

ಬುಧವಾರ ಕಂಪನಿಗೆ ಫೋನ್ ಮಾಡಿದೆ. ಶಾಪ್ ಫ್ಲೋರ್‌ನಲ್ಲೇ ಮೇಜು, ಮೊದಲೆರಡು ವಾರ ಮೂರೂ ಪಾಳಿ ಸುತ್ತಬೇಕು ಅಂದ್ರು. ಒಂಟಾರಿಯೋ ಸರ್ ಹೇಳಿದ ಹಾಗೆ ಫಿಕ್ಸ್‌ಚರ್ ಕೇಳಿದೆ. ಎರಡು ಬಾಕಿ ಇವೆ, ಕೊಡ್ತೀವಿ ಅಂತ ವಿವರಣೆಯಲ್ಲಿ ಸೇರಿಸಿ ಕಳಿಸಿದ್ರು. ನಿನ್ನೆ ಸಹಿ ಮಾಡಿದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಒಂದು ವಾರ ಕ್ಲಾಸು ಒಂದು ವಾರ ಕಾರ್ಖಾನೆ ಕತೆ ಹೇಳಿದೆ, ಸುಮ್ನೆ ಹೂಂ ಅಂದ್ರು. ಆಮೇಲೆ ಅಕ್ಕನ ಬುಷ್ಷಿನ ಕತೆ ಹೇಳಿದೆ. ಮುಗಿಸೋಕ್ಕೂ ಬಿಡ್ಲಿಲ್ಲ. "ಲ್ಯಾಕ್ಟೋಮೀಟರೂ ಹಂಗೇ ಕಣೋ" ಅಂದ್ರು. ಆಗ ತಾನೇ ಕರೆದ ಬೆಚ್ಚನೆ ಹಾಲಿಗೆ ಬಿಟ್ರೆ ಅದು ಹೆಚ್ಚು ಮುಳುಗುತ್ತಂತೆ, ರೀಡಿಂಗ್ ಕಮ್ಮಿ ಬಂದು ನೀರು ಬೆರೆಸಿದ ಹಾಗೆ ಕಾಣುತ್ತಂತೆ. ಅವರು ಸೇರಿದ ಹೊಸದರಲ್ಲಿ ಒಬ್ಬ ಅಜ್ಜಿಯ ಹಾಲನ್ನ ಹಾಗೇ ವಾಪಸ್ ಕಳಿಸಿಬಿಟ್ಟಿದ್ರಂತೆ. ಮನೆ ಪಕ್ಕದಲ್ಲೇ ಸೊಸೈಟಿ ಇದ್ದ ಅಜ್ಜಿ, ಎಲ್ಲರಿಗಿಂತ ಬಿಸಿ ಹಾಲು ತರ್ತಿದ್ದೋರು. ಆಮೇಲೆ ಹಾಲಿಗೆ ಥರ್ಮಾಮೀಟರ್ ಹಾಕದೆ ರೀಡಿಂಗ್ ಬರೆದಿಲ್ಲ ಅಂದ್ರು. ಇಪ್ಪತ್ಮೂರು ವರ್ಷದಲ್ಲಿ ಈ ವಿಷಯ ನನಗೆ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ.

ಫೋನ್ ಇಡೋವಾಗ, ಅಲ್ಲಿ ಹೋದ ಮೇಲೆ ಯಾವ ಶಾಖದಲ್ಲಿ ಅಳೀತಾರೆ ಅಂತ ಮೊದಲ ದಿನವೇ ಕೇಳು ಅಂದ್ರು. ಅಕ್ಕ, ಸ್ಟೀಲ್ ಟೋ ಬೂಟು ಕಂಪನಿ ಕೊಡುತ್ತಾ, ನಾನೇ ತಗೋಬೇಕಾ?

ತುಮಕೂರಿನಾಕೆ:

ನಮ್ಮಲ್ಲಿ ನಾವೇ ತಗೊಂಡು ಬಿಲ್ ಕೊಟ್ರೆ ದುಡ್ಡು ಕೊಡ್ತಿದ್ರು. ನಿನ್ನ ಎಚ್‌ಆರ್‌ಗೆ ಕೇಳು. ಒಂದು ಸೈಜ್ ದೊಡ್ಡದು ತಗೋ, ಜನವರಿಯಲ್ಲಿ ಎರಡು ಜೊತೆ ಸಾಕ್ಸ್ ಹಾಕ್ಬೇಕಾಗುತ್ತೆ. ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು. ಆ ಅಜ್ಜಿಯ ಹಾಲು ಮರುದಿನ ತಗೊಂಡ್ರಾ ಅಂತ ಕೇಳಿ ಹೇಳು.